ವಾಮಾಚಾರವೆಂದರೆ ನಿಂಬೆಹಣ್ಣಲ್ಲ

ನಾನು ಶಿರಸಿಯವನು, ತಂತ್ರಗ್ರಂಥಗಳನ್ನು ಓದುವ ಚಟವಿದೆ ಎಂದು ತಿಳಿದ ಕೂಡಲೇ ಜನ ದನಿ ತಗ್ಗಿಸುತ್ತಾರೆ: “ವಾಮಾಚಾರ ಎಂದರೆ ನಿಜಕ್ಕೂ ಏನು? ಮಾರಿಜಾತ್ರೆಯ ಕೋಣನ ಬಲಿ ಅದೇ ತಾನೇ?”

ಅಲ್ಲ. ಬಲಿ ಊರಿಗೆ ಊರೇ ನೋಡುವಂತೆ ನಡೆಯುತ್ತಿತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಸಂದರ್ಭದಲ್ಲಿ ಅದು ನಿಂತಿತು. ವಾಮಾಚಾರವಾದರೋ ದೀಕ್ಷೆ ಪಡೆದ ಕೆಲವರು ಗುಟ್ಟಾಗಿ ನಡೆಸುವ ಪೂಜೆ. ನಾಲ್ಕು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೂ ಪತ್ರಿಕೆಗಳು ಇದೇ ಪದ ಬಳಸುತ್ತವೆ. ಪರರಿಗೆ ಕೇಡು ಮಾಡುವ ಪ್ರಯೋಗಕ್ಕೆ ಹಳೆಯ ಹೆಸರು ಅಭಿಚಾರ. ತಂತ್ರಗ್ರಂಥಗಳಲ್ಲಿ ಅದೂ ಉಂಟು, ಆದರೆ ಅದರ ಕಥೆಯೇ ಬೇರೆ.

ಮದ್ಯ, ಮಾಂಸ, ಮತ್ಸ್ಯ, ಮುದ್ರೆ, ಮೈಥುನ. ಈ ಐದು ‘ಮ’ಕಾರಗಳನ್ನು ದೇವಿಗೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವುದು ವಾಮಾಚಾರದ ತಿರುಳು. (ಮುದ್ರೆ ಎಂದರೆ ಇಲ್ಲಿ ಕೈಮುದ್ರೆಯಲ್ಲ, ಹುರಿದ ಧಾನ್ಯ.) ಮಡಿ-ಮೈಲಿಗೆಯ ಭೇದ ಹುಟ್ಟುವುದು ಮನಸ್ಸಿನಲ್ಲಿ, ಅದನ್ನು ಮೈಲಿಗೆಯಿಂದಲೇ ಕಳೆಯಬೇಕು ಎಂಬ ಲೆಕ್ಕಾಚಾರ. ಕುಡುಕರು ಇದನ್ನೇ ನೆಪ ಮಾಡಿಕೊಂಡಾರು ಎಂಬ ಅಂಜಿಕೆ ಕುಲಾರ್ಣವ ತಂತ್ರಕ್ಕೂ ಇತ್ತು: ಕುಡಿದರೆ ಸಿದ್ಧಿ ಸಿಗುವುದಾದರೆ ಕುಡುಕರೆಲ್ಲ ಸಿದ್ಧರಾಗಲಿ ಎಂದು ಅದು ಚುಚ್ಚುತ್ತದೆ.

ಚಿಕ್ಕವನಿದ್ದಾಗ ಒಮ್ಮೆ ಎಳನೀರನ್ನು ಕಂಚಿನ ಲೋಟಕ್ಕೆ ಬಗ್ಗಿಸಿದ್ದೆ. ಅಜ್ಜಿ ಲೋಟ ಕಸಿದು ಬಾಳೆಯ ಬುಡಕ್ಕೆ ಚೆಲ್ಲಿದಳು. “ಕಂಚಿನಲ್ಲಿ ಎಳನೀರು ಕುಡಿದರೆ ಹೆಂಡ ಕುಡಿದ ಹಾಗೆ, ತಮಾ!” ಎಷ್ಟೋ ವರ್ಷಗಳ ನಂತರ ಓದುವಾಗ ಬೆಚ್ಚಿದೆ. ಮದ್ಯ ಮುಟ್ಟದವರು ಪೂಜೆಯಲ್ಲಿ ಅದರ ಬದಲಿಗೆ ಇಡುವುದು ಕಂಚಿನ ಪಾತ್ರೆಯಲ್ಲಿನ ತೆಂಗಿನ ನೀರನ್ನೇ! ಅಜ್ಜಿಗೆ ತಂತ್ರದ ಗಂಧಗಾಳಿ ಇರಲಿಲ್ಲ.

ಬೌದ್ಧರಲ್ಲಿ ‘ವಾಮಾಚಾರ’ ಎಂಬ ಹೆಸರು ರೂಢಿಯಲ್ಲಿಲ್ಲ. ಆದರೆ ಅವರ ಗುಹ್ಯಸಮಾಜ, ಹೇವಜ್ರ ತಂತ್ರಗಳಲ್ಲಿ ಐದು ಮಾಂಸ, ಐದು ಅಮೃತಗಳ ಮಾತು ಬರುತ್ತದೆ. (ಅಮೃತ ಎಂದರೆ ಇಲ್ಲಿ ಮಲ, ಮೂತ್ರದಂಥ ದೇಹದ ವಸ್ತುಗಳು.) ನಾಯಿ, ಆನೆಗಳೂ ಮಾಂಸದ ಪಟ್ಟಿಯಲ್ಲಿವೆ. ಈ ಪರಂಪರೆಯನ್ನು ನೋಡಲು ಟಿಬೆಟ್ಟಿಗೆ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯ ಮುಂಡಗೋಡಿನಲ್ಲಿ ಟಿಬೆಟಿನ ಬೌದ್ಧರ ಗಾಂಡೆನ್, ಡ್ರೆಪುಂಗ್ ಮಠಗಳಿವೆ. ಅವುಗಳ ಗೆಲುಗ್ ಪಂಥಕ್ಕೆ ಗುಹ್ಯಸಮಾಜ ಇಂದಿಗೂ ಮುಖ್ಯ. ಭಿಕ್ಷುಗಳು ಬ್ರಹ್ಮಚಾರಿಗಳು, ತಂತ್ರ ಹೇಳುವ ಸ್ತ್ರೀ ಸಂಗಾತಿ ಇರುವುದು ಅವರ ಧ್ಯಾನದಲ್ಲಿ ಮಾತ್ರ.

ಕಳೆದ ಸಲ ಅಲ್ಲಿಗೆ ಹೋದಾಗ, ಅಪ್ಪಿಕೊಂಡು ನಿಂತ ದೇವತೆಗಳ ಚಿತ್ರದ ಕೆಳಗೆ ಎಳೆಯ ಭಿಕ್ಷುವೊಬ್ಬ ಬಿಸ್ಕತ್ತು ತಿನ್ನುತ್ತ ಕುಳಿತಿದ್ದ. ನನ್ನ ಜೊತೆ ಬಂದವರು ಚಿತ್ರ ನೋಡಿ ಮುಖ ತಿರುಗಿಸಿದರು. ಅವನು ನಮಗೂ ಒಂದೊಂದು ಬಿಸ್ಕತ್ತು ಕೊಟ್ಟ.