ನೇರಳೆ ಬಣ್ಣದ ಎಂಟು ಸಿಲಿಂಡರ್

ನನ್ನ ವಯಸ್ಸಿನವರು ಊರಲ್ಲಿ ಡ್ರೈವಿಂಗ್ ಕಲಿತದ್ದು ಹೆಚ್ಚಾಗಿ ಮಾರುತಿ 800ರಲ್ಲೇ. ನಾನೂ ಅಷ್ಟೇ. ದಾವಣಗೆರೆಯ ಒಂದು ಡ್ರೈವಿಂಗ್ ಸ್ಕೂಲು, ಮುಂದೆ ಹಿಂದೆ ಕೆಂಪು 'ಎಲ್' ಅಂಟಿಸಿದ ಬಿಳಿ ಕಾರು. ಅದರ ಎಂಜಿನ್ 796 ಸಿಸಿ, ಮೂರು ಸಿಲಿಂಡರ್. ಈಗ ಮಿಶಿಗನ್‌ನಲ್ಲಿ ನಮ್ಮ ಗ್ಯಾರೇಜಿನಲ್ಲಿ ನಿಂತಿರುವ ಡಾಜ್ ಚಾಲೆಂಜರ್‌ನದು 6.4 ಲೀಟರ್, ಎಂಟು ಸಿಲಿಂಡರ್. ಭಾಗಿಸಿ ನೋಡಿ. ಒಂದೊಂದು ಸಿಲಿಂಡರ್ ಸುಮಾರು 800 ಸಿಸಿ. ನಾನು ಕಲಿತ ಇಡೀ ಎಂಜಿನ್ ಇದರ ಒಂದು ಸಿಲಿಂಡರಿಗೆ ಸಮ.

ಇಷ್ಟು ಬೇಕಾ ಅಂತ ಕೇಳಿದರೆ, ಬೇಡ. ಯಾರಿಗೂ ಬೇಡ. ಬೇಡದ್ದನ್ನು ಇಷ್ಟಪಟ್ಟು ಇಟ್ಟುಕೊಳ್ಳುವುದರಲ್ಲೇ ಇದರ ಮಜಾ ಇರುವುದು.

ಇಂಥ ಕಾರಿಗೆ ಇಲ್ಲಿ ಮಸಲ್ ಕಾರ್ ಅನ್ನುತ್ತಾರೆ. ಲೆಕ್ಕ ಸುಲಭ. ಸಾಧಾರಣ ಗಾತ್ರದ ಎರಡು ಬಾಗಿಲಿನ ಕಾರು ತಗೊಳ್ಳಿ, ದೊಡ್ಡ ಕಾರಿನ ಎಂಜಿನ್ ತಂದು ಅದರಲ್ಲಿ ಕೂರಿಸಿ. 1964ರಲ್ಲಿ ಪಾಂಟಿಯಾಕ್ ಜಿಟಿಓ ಹುಟ್ಟಿದ್ದು ಹೀಗೆ. ಸಣ್ಣ ಕಾರಿಗೆ ಇಷ್ಟೇ ದೊಡ್ಡ ಎಂಜಿನ್ ಇರಬೇಕು ಅಂತ ಪಾಂಟಿಯಾಕ್‌ನ ಒಡೆಯರಾದ ಜನರಲ್ ಮೋಟರ್ಸ್‌ನೊಳಗೆ ಮಿತಿ ಇತ್ತು. ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಗಾರರು ದೊಡ್ಡ ಎಂಜಿನ್ನನ್ನು 'ಆಪ್ಷನ್' ಅಂತ ಪಟ್ಟಿಗೆ ಸೇರಿಸಿ ಆ ಮಿತಿಯಿಂದ ನುಣುಚಿಕೊಂಡರು. ಕಾರು ಚೆನ್ನಾಗಿ ಮಾರಾಟವಾಯಿತು, ಆಮೇಲೆ ಯಾರೂ ಕೇಳಲಿಲ್ಲ. ಡಾಜ್‌ನವರು ಚಾಲೆಂಜರ್ ತಂದದ್ದು 1970ರಲ್ಲಿ, ಸ್ವಲ್ಪ ತಡವಾಗಿಯೇ. ಅಷ್ಟರಲ್ಲಿ ಇನ್ಶೂರೆನ್ಸ್ ದುಬಾರಿಯಾಯಿತು, ಹೊಗೆಯ ಕಾನೂನು ಬಿಗಿಯಾಯಿತು, 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. 1974ಕ್ಕೆ ಚಾಲೆಂಜರ್ ಕಥೆ ಮುಗಿಯಿತು. 1978ರಿಂದ 83ರವರೆಗೆ ಅದೇ ಹೆಸರನ್ನು ಜಪಾನಿನ ಮಿತ್ಸುಬಿಶಿ ಕಾರೊಂದಕ್ಕೆ ಅಂಟಿಸಿ ಮಾರಿದರು. ಆ ವಿಷಯ ಇಲ್ಲಿನ ಹಳೇ ಅಭಿಮಾನಿಗಳ ಹತ್ತಿರ ಎತ್ತಬೇಡಿ, ಮುಖ ಸಣ್ಣದಾಗುತ್ತದೆ. ನಿಜವಾದ ಚಾಲೆಂಜರ್ ವಾಪಸ್ ಬಂದದ್ದು 2008ರಲ್ಲಿ.

ನನ್ನದು 2023ರದು. ಬಣ್ಣದ ಹೆಸರು ಪ್ಲಮ್ ಕ್ರೇಜಿ. 1970ರಲ್ಲೂ ಇದೇ ಹೆಸರಿನ ಬಣ್ಣ ಇತ್ತು. ನಮ್ಮತ್ತೆ ಅದನ್ನು ನೋಡಿ "ಬದನೇಕಾಯಿ ಬಣ್ಣ" ಅಂದರು, ನಮ್ಮನೆಯಲ್ಲಿ ಅದೇ ಉಳಿಯಿತು. ಅವರ ಮುಂದಿನ ಮಾತು: "ಏನವ್ವಾ ಇದು, ಇಷ್ಟ್ ದೊಡ್ಡ ಕಾರಿಗೆ ಎರಡೇ ಬಾಗ್ಲಾ?"

ನಿಜ. ಐದು ಮೀಟರ್ ಉದ್ದದ ಕಾರು, ಎರಡೇ ಬಾಗಿಲು. ಒಂದೊಂದು ಬಾಗಿಲೂ ಎಷ್ಟು ಉದ್ದ ಅಂದರೆ ಇಂಡಿಯನ್ ಸ್ಟೋರ್ ಮುಂದಿನ ಪಾರ್ಕಿಂಗ್‌ನಲ್ಲಿ ಪಕ್ಕ ಯಾರಾದರೂ ನಿಲ್ಲಿಸಿದರೆ ಒಳಗೆ ನುಸುಳಬೇಕು. ಆದರೆ ಹಿಂದೆ ಮೂವರು ಕೂರಬಹುದು. ಇದರ ಎದುರಾಳಿಗಳಾದ ಫೋರ್ಡ್ ಮಸ್ಟಾಂಗ್, ಷೆವರ್ಲೆ ಕಮಾರೋಗಳಲ್ಲಿ ಹಿಂದೆ ಇಬ್ಬರಿಗೇ ಜಾಗ. ಡಿಕ್ಕಿ ಭರ್ಜರಿ, ಸೋನಾ ಮಸೂರಿ ಮೂಟೆ, ತೆಂಗಿನಕಾಯಿ, ತರಕಾರಿ ಎಲ್ಲ ಹಾಕಿ ಇನ್ನೂ ಜಾಗ ಉಳಿಯುತ್ತದೆ. ಡಿಕ್ಕಿಯ ಅಂಚು ಮಾತ್ರ ಎತ್ತರ. ಮೂಟೆ ಎತ್ತಿ ಹಾಕುವಾಗ ಸೊಂಟದ ಕಡೆ ಗಮನ ಇರಲಿ.

ಗೇರ್ ಮ್ಯಾನುಯಲ್, ಆರು ಸ್ಪೀಡು. ಇದನ್ನು ನಾನು ಹಟ ಹಿಡಿದೇ ತಗೊಂಡೆ. ಊರಲ್ಲಿ ಎಡಗೈಯಲ್ಲಿ ಗೇರ್ ಹಾಕಿ ಅಭ್ಯಾಸ, ಇಲ್ಲಿ ಬಲಗೈ. ಕಾಲಿಗೆ ಎಲ್ಲ ನೆನಪಿತ್ತು, ಕೈಗೆ ಹೊಸದಾಗಿ ಹೇಳಿಕೊಡಬೇಕಾಯಿತು. ಕ್ಲಚ್ ಗಟ್ಟಿ, ಗೇರ್ ರಾಡ್ ಇನ್ನೂ ಗಟ್ಟಿ. ಎರಡರಿಂದ ಮೂರಕ್ಕೆ ಹಾಕುವಾಗ ಅಂಗೈಗೆ ಒಂದು 'ಟಕ್' ತಗಲುತ್ತದೆ. ಅದೊಂದಕ್ಕಾಗಿಯೇ ಎಷ್ಟೋ ಸಲ ಸುತ್ತು ದಾರಿಯಲ್ಲಿ ಮನೆಗೆ ಬಂದಿದ್ದೇನೆ. ಇದರಲ್ಲೊಂದು ಕುತಂತ್ರವೂ ಇದೆ. ಮೆಲ್ಲಗೆ ಓಡಿಸುತ್ತಾ ಒಂದರಿಂದ ಎರಡಕ್ಕೆ ಹಾಕಲು ಹೋದರೆ ಕೆಲವು ಸಲ ರಾಡ್ ಸೀದಾ ನಾಲ್ಕಕ್ಕೆ ಹೋಗಿ ಕೂರುತ್ತದೆ. ಕೆಟ್ಟಿಲ್ಲ, ಕಂಪನಿಯವರೇ ಹಾಗೆ ಮಾಡಿದ್ದು. ಮೈಲೇಜ್ ಪರೀಕ್ಷೆಯಲ್ಲಿ ಅಂಕ ಸ್ವಲ್ಪ ಜಾಸ್ತಿ ಬರಲಿ ಅಂತ. ತಪ್ಪಿಸಿಕೊಳ್ಳಬೇಕಾದರೆ ಸ್ವಲ್ಪ ಜೋರಾಗಿ ಆಕ್ಸಿಲರೇಟರ್ ಒತ್ತಬೇಕು. ಉಳಿತಾಯಕ್ಕೆ ಅಂತ ಇಟ್ಟದ್ದನ್ನು ತಪ್ಪಿಸಲು ಇನ್ನಷ್ಟು ಪೆಟ್ರೋಲ್ ಸುಡುವುದು!

ಈಗ ಸದ್ದಿನ ವಿಷಯ. ಇದನ್ನು ಬರೆಯದೇ ಇದ್ದರೆ ಈ ಕಾರಿನ ಬಗ್ಗೆ ಬರೆದ ಹಾಗೇ ಆಗಲ್ಲ.

ಎಂಟು ಸಿಲಿಂಡರ್ ಎರಡು ಸಾಲಿನಲ್ಲಿವೆ, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಎಡಗಡೆ ಬೆಸ ಸಂಖ್ಯೆ, ಬಲಗಡೆ ಸಮ ಸಂಖ್ಯೆ. ಕಿಡಿ ಹತ್ತುವ ಕ್ರಮ 1-8-4-3-6-5-7-2. ಬೆರಳಲ್ಲಿ ಮೇಜಿನ ಮೇಲೆ ತಟ್ಟಿ ನೋಡಿ: ಎಡ, ಬಲ, ಬಲ, ಎಡ, ಬಲ, ಎಡ, ಎಡ, ಬಲ. ಒಟ್ಟು ಲೆಕ್ಕದಲ್ಲಿ ಏಟುಗಳ ನಡುವಿನ ಅಂತರ ಸಮ. ಆದರೆ ಒಂದೇ ಕಡೆ ಕಿವಿ ಇಟ್ಟು ಕೇಳಿದರೆ ಒಮ್ಮೆ ಎರಡು ಏಟು ಬೆನ್ನುಬೆನ್ನಿಗೆ, ಆಮೇಲೆ ಒಂದು ತಡ. ಆ ಏರುಪೇರೇ ಗುಡುಗುಡು ಅನ್ನುವುದು. ಕೆಲವು ಇಟಾಲಿಯನ್ ಕಾರುಗಳಲ್ಲೂ ಎಂಟು ಸಿಲಿಂಡರ್ ಇರುತ್ತವೆ, ಆದರೆ ಕ್ರ್ಯಾಂಕಿನ, ಅಂದರೆ ಪಿಸ್ಟನ್‌ಗಳ ಏಟನ್ನು ತಿರುಗಾಟವಾಗಿಸುವ ದಂಡದ, ಆಕಾರ ಬೇರೆ. ಎರಡೂ ಕಡೆ ಏಟು ಸಮವಾಗಿ ಬೀಳುತ್ತದೆ, ಸದ್ದು ಕಿರುಚುತ್ತದೆ. ಇದು ಕಿರುಚಲ್ಲ, ಗೊಣಗುತ್ತದೆ.

ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮೊದಲ ಅರ್ಧ ನಿಮಿಷ ಗ್ಯಾರೇಜಿನ ಗೋಡೆಗೆ ನೇತುಹಾಕಿದ ಸಲಿಕೆ ಕುಂಟೆಗಳು ಅಲುಗಾಡುತ್ತವೆ. ಮೇಲಿನ ಕೋಣೆ ಮಗನದು. ಅಲಾರಂ ಬೇಡ. ಪಕ್ಕದ ಮನೆಯವರು ಒಳ್ಳೆಯವರು, ಆದರೂ ಭಾನುವಾರ ಎಂಟು ಗಂಟೆಗೆ ಮುಂಚೆ ನಾನು ಕೀ ಮುಟ್ಟುವುದಿಲ್ಲ.

ಬಾನೆಟ್ ಎತ್ತಿದರೆ ಒಳಗೆ ಸಣ್ಣದೊಂದು ಲೋಹದ ಫಲಕ ಇದೆ. 2023ರ ಎಲ್ಲ ಚಾಲೆಂಜರ್‌ಗಳಲ್ಲೂ ಇದೆ, ಅದೇ ಕೊನೆಯ ವರ್ಷ ಅಂತ. ಮೇಲೆ 'ಲಾಸ್ಟ್ ಕಾಲ್', ಜೊತೆಗೆ ವಿನ್ಯಾಸ ಆಬರ್ನ್ ಹಿಲ್ಸ್, ಜೋಡಣೆ ಬ್ರ್ಯಾಂಪ್ಟನ್ ಅಂತ ಕೊರೆದಿದ್ದಾರೆ. ಆಬರ್ನ್ ಹಿಲ್ಸ್ ಇಲ್ಲೇ ಡೆಟ್ರಾಯಿಟ್ ಪಕ್ಕ. ಬ್ರ್ಯಾಂಪ್ಟನ್ ಇರುವುದು ಕೆನಡಾದಲ್ಲಿ! ಎಂಜಿನ್ ತಯಾರಾದದ್ದು ಮೆಕ್ಸಿಕೋದ ಸಾಲ್ಟಿಯೋದಲ್ಲಿ. ಕೆಳಗಿನ ಸಸ್ಪೆನ್ಶನ್ ಮೂಲ ಹುಡುಕಿದರೆ ಜರ್ಮನಿಯ ಮರ್ಸಿಡಿಸ್, ಮರ್ಸಿಡಿಸ್‌ನ ಒಡೆಯ ಡೈಮ್ಲರ್ ಮತ್ತು ಡಾಜ್‌ನ ಒಡೆಯ ಕ್ರೈಸ್ಲರ್ ಒಂದೇ ಸಂಸಾರ ಮಾಡಿಕೊಂಡಿದ್ದ ಕಾಲದ್ದು. ಈಗ ಕಂಪನಿಯ ಒಡೆತನ ನೆದರ್ಲ್ಯಾಂಡ್ಸ್‌ನಲ್ಲಿ ನೋಂದಾಯಿಸಿದ ಸ್ಟೆಲಾಂಟಿಸ್‌ನದು. ಓಡಿಸುವವಳು ದಾವಣಗೆರೆಯವಳು. ಇದನ್ನೇ ಅಪ್ಪಟ ಅಮೆರಿಕನ್ ಕಾರು ಅನ್ನುತ್ತಾರೆ, ನಾನೂ ಹೂಂ ಅನ್ನುತ್ತೇನೆ.

ಊರಿಂದ ಫೋನ್ ಮಾಡಿದವರ ಮೊದಲ ಪ್ರಶ್ನೆ ಒಂದೇ: ಎಷ್ಟು ಕೊಡುತ್ತೆ? ಊರೊಳಗೆ ಗ್ಯಾಲನ್‌ಗೆ 14 ಮೈಲಿ, ಹೈವೇಯಲ್ಲಿ 23. ಅಂದರೆ ಲೀಟರಿಗೆ ಸುಮಾರು 6ರಿಂದ 10 ಕಿಲೋಮೀಟರ್. ಅದೂ ಪ್ರೀಮಿಯಂ ಪೆಟ್ರೋಲ್. ಆಯಿಲ್ ಬದಲಿಸಿದರೆ ಆರೂವರೆ ಲೀಟರ್‌ಗಿಂತ ಜಾಸ್ತಿ ಬೇಕು. ಸ್ಪಾರ್ಕ್ ಪ್ಲಗ್ ಎಂಟಲ್ಲ, ಹದಿನಾರು, ಸಿಲಿಂಡರಿಗೆ ಎರಡೆರಡು. ನನಗೆ ಸಿಟ್ಟು ಬರಿಸುವ ಇನ್ನೊಂದು ವಿಷಯ ಇದೆ. ಜಾಸ್ತಿ ಪೆಟ್ರೋಲ್ ಕುಡಿಯುವ ಕಾರುಗಳ ಮೇಲೆ ಅಮೆರಿಕ ಸರ್ಕಾರ ತೆರಿಗೆ ಹಾಕುತ್ತದೆ, 1978ರ ಕಾನೂನು. ಆದರೆ ಎಸ್‌ಯುವಿ, ಪಿಕಪ್ ಟ್ರಕ್‌ಗಳಿಗೆ ಅದು ಇಲ್ಲ. ರಸ್ತೆ ತುಂಬ ಓಡಾಡುವ ದೈತ್ಯ ಟ್ರಕ್‌ಗಳಿಗೆ ಮಾಫಿ, ವಾರಕ್ಕೊಮ್ಮೆ ಹೊರಗೆ ಬರುವ ನನ್ನ ಬದನೇಕಾಯಿಗೆ ದಂಡ.

ಕಳ್ಳರ ಕಾಟವೂ ಇದೆ. ಈ ಜಾತಿಯ ಕಾರು ಅವರಿಗೆ ಬಲು ಇಷ್ಟ. ಕಾಟ ಎಷ್ಟಿತ್ತೆಂದರೆ 2021ರಲ್ಲಿ ಡಾಜ್‌ನವರು ಹೊಸ ಭದ್ರತೆ ತಂದರು. ಗುಪ್ತ ಸಂಖ್ಯೆ ಒತ್ತದೇ ಹೊರಟರೆ 485 ಹಾರ್ಸ್‌ಪವರ್‌ನ ಎಂಜಿನ್ 3 ಹಾರ್ಸ್‌ಪವರ್ ಕೂಡ ಕೊಡಲ್ಲ. ತೆವಳುತ್ತದೆ ಅಷ್ಟೇ. ಮ್ಯಾನುಯಲ್ ಗೇರ್ ಇರುವುದೇ ದೊಡ್ಡ ಬೀಗ ಅಂತ ಇಲ್ಲಿನವರ ತಮಾಷೆ. ಈಗಿನ ಹುಡುಗರಿಗೆ ಕ್ಲಚ್ ಅಂದರೇನು ಅಂತಲೇ ಗೊತ್ತಿಲ್ಲವಂತೆ. ನಾನು ತಮಾಷೆಯನ್ನು ನಂಬಿ ಕೂರಲ್ಲ, ಸ್ಟಿಯರಿಂಗ್‌ಗೂ ಬೀಗ ಹಾಕುತ್ತೇನೆ.

ಚಳಿಗಾಲದಲ್ಲಿ ಕಾರಿಗೆ ರಜ. ಇಲ್ಲಿ ಹಿಮ ಬಿದ್ದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ನೀರು ಕಾರಿನ ಹೊಟ್ಟೆಯನ್ನು ತಿಂದು ಹಾಕುತ್ತದೆ. ಹಿಂದಿನ ಚಕ್ರಗಳು ತಳ್ಳುವ ಕಾರು ಬೇರೆ, ಐಸ್ ಮೇಲೆ ಹೇಳಿದ ಮಾತು ಕೇಳಲ್ಲ. ಹಾಗಾಗಿ ಆಯುಧ ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಇನ್ನೊಂದಷ್ಟು ದಿನ ಓಡಾಡಿ, ಉಪ್ಪಿನ ಲಾರಿಗಳು ಬರುವ ಮುಂಚೆ ಒಳಗೆ ಹಾಕುತ್ತೇವೆ. ಅದಕ್ಕೂ ಒಂದು ಶಾಸ್ತ್ರ ಇದೆ. ಟ್ಯಾಂಕ್ ತುಂಬಿಸಬೇಕು, ಪೆಟ್ರೋಲ್ ಕೆಡದ ಹಾಗೆ ಔಷಧಿ ಸೇರಿಸಬೇಕು. ಟೈರಿಗೆ ಗಾಳಿ ಜಾಸ್ತಿ ಹೊಡೆಸಬೇಕು. ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಬೇಕು. ಸೈಲೆನ್ಸರ್ ಬಾಯಿಗೆ ಉಕ್ಕಿನ ನಾರು ತುರುಕಬೇಕು, ಇಲಿ ಗೂಡು ಕಟ್ಟದ ಹಾಗೆ. ಮಾರ್ಚ್‌ನಲ್ಲಿ ಹಿಮ ಕರಗಿದರೂ ಬಿಡಲ್ಲ. ಒಂದೆರಡು ಒಳ್ಳೆ ಮಳೆ ಬಂದು ರಸ್ತೆ ತೊಳೆದ ಮೇಲೇ ಹೊರಗೆ.

ವೇಗದ ಬಗ್ಗೆ ಯಾಕೆ ಬರೆದಿಲ್ಲ ಅನ್ನಬಹುದು. ಬರೆಯುವಂಥದ್ದು ಜಾಸ್ತಿ ಇಲ್ಲ. ಇಲ್ಲಿನ ಹೈವೇಗಳಲ್ಲಿ ಹೆಚ್ಚಿನ ಕಡೆ ಮಿತಿ 70 ಮೈಲಿ. ಅಷ್ಟಕ್ಕೆ ಎಂಜಿನ್ ನಿದ್ದೆಯಲ್ಲೇ ಇರುತ್ತದೆ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಒಂದು ಎಲೆಕ್ಟ್ರಿಕ್ ಕಾರು ಬಂದು ನಿಂತರೆ, ಕಾಲೇಜು ಹುಡುಗನೊಬ್ಬ ಒಂದು ಕೈಯಲ್ಲಿ ಕಾಫಿ ಹಿಡಿದುಕೊಂಡೇ ನನ್ನನ್ನು ಹಿಂದೆ ಹಾಕುತ್ತಾನೆ. ಸದ್ದಿಲ್ಲದೆ ಹೋಗುತ್ತಾನೆ. ಹೋಗಲಿ ಬಿಡಿ. ಡಾಜ್ ಈಗ ಚಾರ್ಜರ್ ಅನ್ನುವ ಹೆಸರಿನ ಎಲೆಕ್ಟ್ರಿಕ್ ಕಾರು ಮಾಡಿದೆ, ಅದಕ್ಕೆ ಗುಡುಗುಡು ಸದ್ದು ಬರಿಸುವ ವ್ಯವಸ್ಥೆಯನ್ನೂ ಬೇರೆಯಾಗಿ ಕೂರಿಸಿದೆ. ಅಂದಮೇಲೆ ಜನ ದುಡ್ಡು ಕೊಡುತ್ತಿದ್ದದ್ದು ಯಾವುದಕ್ಕೆ ಅಂತ ಕಂಪನಿಗೂ ಗೊತ್ತಿತ್ತು.

ನನಗೆ ಸಿಕ್ಕಿದ್ದು ಇನ್ನೊಂದು. ಮುಂಚೆ ನಾನು ಇಲ್ಲಿ ಹೋಂಡಾ ವ್ಯಾನ್ ಓಡಿಸುತ್ತಿದ್ದೆ. ಪೆಟ್ರೋಲ್ ಬಂಕಿನಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಆಫೀಸು, ಕನ್ನಡ ಕೂಟ, ದೇವಸ್ಥಾನ, ಮಕ್ಕಳ ಕ್ಲಾಸು, ಎಲ್ಲ ಕಡೆ ನಮ್ಮವರೇ. ಈ ಕಾರು ಬಂದ ಮೇಲೆ ಬಂಕಿಗೆ ಹೋದರೆ ಮಾತಿಲ್ಲದೆ ವಾಪಸ್ ಬರುವ ಹಾಗೇ ಇಲ್ಲ. ಮೊದಲ ಪ್ರಶ್ನೆ ಎಂಜಿನ್ ಯಾವುದು. ಎರಡನೇದು, ಯಜಮಾನರ ಕಾರಾ? "ಅಲ್ಲ, ಅವರು ವ್ಯಾನ್ ಓಡಿಸುತ್ತಾರೆ" ಅಂದರೆ ನಗು. ಆಮೇಲೆ ಕಿಟಕಿಯಿಂದ ಇಣುಕಿ ಮೂರು ಪೆಡಲ್ ನೋಡುತ್ತಾರೆ, ಅಲ್ಲಿಂದ ಮಾತಿನ ಧಾಟಿಯೇ ಬದಲಾಗುತ್ತದೆ. ಒಮ್ಮೆ ವಯಸ್ಸಾದ ಒಬ್ಬರು, ಕಾರ್ಖಾನೆಯ ಲೈನಿನಲ್ಲಿ ಜೀವಮಾನವೆಲ್ಲ ದುಡಿದು ರಿಟೈರ್ ಆದವರು, ಬಾನೆಟ್ ಎತ್ತು ಅಂದರು. ಫಲಕದ ಮೇಲೆ ಹೆಬ್ಬೆರಳು ಸವರಿ, ಬಾಗಿಲಿನ ಸಂದು ಎರಡೂ ಕಡೆ ಸಮ ಇದೆಯಾ ಅಂತ ಬಗ್ಗಿ ನೋಡಿ, "ಪರವಾಗಿಲ್ಲ, ಕೆನಡಾದವರು ಚೆನ್ನಾಗೇ ಕೂರಿಸಿದ್ದಾರೆ" ಅಂದರು. ಆಮೇಲೆ ತಮ್ಮ ಮೊದಲ ಕಾರು, ತಮ್ಮ ಅಣ್ಣ, ಊರು ಬಿಟ್ಟುಹೋದ ಕಾರ್ಖಾನೆಗಳು ಅಂತ ಮಾತು ಬೆಳೆಯಿತು. ನನ್ನ ಪೆಟ್ರೋಲ್ ತುಂಬಿ ಎಷ್ಟೋ ಹೊತ್ತಾಗಿತ್ತು. ಇಷ್ಟು ವರ್ಷ ಇದೇ ಊರಲ್ಲಿದ್ದು ನಾನು ಅಂಥವರ ಜೊತೆ ಕೂತು ಮಾತಾಡಿದವಳಲ್ಲ.

ಇದನ್ನೆಲ್ಲ ಒಟ್ಟಿಗೆ ನೋಡಬೇಕಾದರೆ ಆಗಸ್ಟ್‌ನಲ್ಲಿ ಬನ್ನಿ. ಮೂರನೇ ಶನಿವಾರ ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ರಸ್ತೆಯಲ್ಲಿ ಕಾರುಗಳ ಮೆರವಣಿಗೆ, ಹೆಸರು ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಲ್ಲಿ ಫರ್ನ್‌ಡೇಲ್ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಎತ್ತಲು ಶುರು ಮಾಡಿದ್ದು, ಈಗ ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ ರಸ್ತೆ ತುಂಬ ಕಾರೇ ಕಾರು. ವುಡ್‌ವರ್ಡ್ ಸುಮ್ನೆ ರಸ್ತೆಯಲ್ಲ. 1909ರಲ್ಲಿ ಇದರ ಒಂದು ಮೈಲಿಗೆ ಕಾಂಕ್ರೀಟ್ ಹಾಕಿದರು, ಇಡೀ ಮೈಲಿ ಉದ್ದದ ಕಾಂಕ್ರೀಟ್ ಹೆದ್ದಾರಿ ದೇಶದಲ್ಲಿ ಅದೇ ಮೊದಲು ಅನ್ನುತ್ತಾರೆ. ಅರವತ್ತರ ದಶಕದಲ್ಲಿ ಕಂಪನಿಗಳ ಎಂಜಿನಿಯರ್‌ಗಳೇ ರಾತ್ರಿ ಹೊತ್ತು ಹೊಸ ಎಂಜಿನ್ ತಂದು ಇಲ್ಲಿ ಪಂದ್ಯ ಕಟ್ಟುತ್ತಿದ್ದರಂತೆ. ಈಗ ಪಂದ್ಯ ಇರಲಿ, ಎರಡನೇ ಗೇರ್ ಹಾಕಿದರೆ ಹೆಚ್ಚು. 1970ರ ಚಾಲೆಂಜರ್ ಇರುವವರು ಎಸಿ ಇಲ್ಲದೆ ಬೆವರು ಒರೆಸಿಕೊಳ್ಳುತ್ತಿರುತ್ತಾರೆ, ನಾನು ಸೀಟಿನಿಂದ ತಣ್ಣನೆ ಗಾಳಿ ಬಿಟ್ಟುಕೊಂಡು ಅವರಿಗೆ ಕೈ ಬೀಸುತ್ತೇನೆ. ಅಷ್ಟರಮಟ್ಟಿಗೆ ಹೊಸ ಕಾರೇ ವಾಸಿ.

ಬರುವವರಿಗೆ ಒಂದು ಮಾತು. ಶನಿವಾರವೇ ಬೇಕೆಂದಿಲ್ಲ, ಆ ವಾರವೆಲ್ಲ ಸಂಜೆ ಹೊತ್ತು ಕಾರುಗಳು ಬರುತ್ತವೆ, ಜನ ಕಡಿಮೆ. ಮಡಚುವ ಕುರ್ಚಿ ನಮ್ಮ ಡಿಕ್ಕಿಯಲ್ಲಿದೆ. ಚಿತ್ರಾನ್ನ ನಾನು ಕಟ್ಟಿಸುತ್ತೇನೆ. ಮುಂದಿನ ಸೀಟು ಅತ್ತೆಯವರದು, ಅದರಲ್ಲಿ ರಾಜಿ ಇಲ್ಲ. ಹಿಂದೆ ಹತ್ತಲು ಮೊಣಕಾಲು ಗಟ್ಟಿ ಇರಬೇಕು, ನೋಡಿಕೊಂಡು ಬನ್ನಿ.