ನಿಮ್ಮೂರಲ್ಲಿ ಕತ್ತಲೇ ಇಲ್ವಾ, ಅಂಕಲ್?

ಈಸ್ಟರ್ ಮುಗಿದ ವಾರ ಊರಿಂದ ವಾಟ್ಸಾಪ್‌ಗೆ ಒಂದು ವಿಡಿಯೋ ಬಂದಿತ್ತು. ಕೊಡಗಿನ ಒಂದು ಚರ್ಚಿನಲ್ಲಿ ಶನಿವಾರ ರಾತ್ರಿ ನಡೆದ ಪಾಸ್ಖ ಜಾಗರಣೆ, ಎಂದರೆ ಈಸ್ಟರಿನ ಹಿಂದಿನ ರಾತ್ರಿಯ ಪೂಜೆ. ಅಂಗಳದಲ್ಲಿ ಹೊಸ ಬೆಂಕಿ ಉರಿಯುತ್ತಿದೆ, ಅದರ ನೆತ್ತಿಯ ಮೇಲೆ ಎರಡು ಫ್ಲಡ್‌ಲೈಟು. ಮೇಣದ ಬತ್ತಿ ಹಿಡಿದ ಕೈಗಳಿಗಿಂತ ಮೊಬೈಲ್ ಹಿಡಿದ ಕೈಗಳೇ ಹೆಚ್ಚು. ಗೋಪುರಕ್ಕೆ ಸುತ್ತಿದ ಸೀರಿಯಲ್ ಸೆಟ್ಟು ಕೆಂಪು, ಹಸಿರು, ನೀಲಿಯಾಗಿ ಓಡುತ್ತಿದೆ. ಪಕ್ಕದ ಮನೆಯ ಹುಬ್ಬಳ್ಳಿ ದಂಪತಿಯ ಎಂಟು ವರ್ಷದ ಮಗಳು, ಇಲ್ಲೇ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದವಳು, ಕೊನೆಯವರೆಗೂ ನೋಡಿ ಕೇಳಿದಳು: "ಅಂಕಲ್, ನಿಮ್ಮೂರಲ್ಲಿ ಕತ್ತಲೇ ಇಲ್ವಾ?"

ಕೊಡಗಿನವರನ್ನು ಕೇಳುವ ಪ್ರಶ್ನೆಯೇ ಇದು! ಆಷಾಢದ ಗಾಳಿಗೆ ಸಿಲ್ವರ್ ಓಕ್ ಕೊಂಬೆಯೊಂದು ಲೈನಿನ ಮೇಲೆ ಮುರಿದು ಬಿತ್ತೆಂದರೆ ಮೂರು ನಾಲ್ಕು ದಿನ ಲಾಟೀನೇ ಗತಿ. ತೋಟದ ದಾರಿಯಲ್ಲಿ ಟಾರ್ಚಿಲ್ಲದೆ ಹೊರಟರೆ ಎದುರಿಗೆ ಆನೆ ನಿಂತದ್ದೂ ತಿಳಿಯದು. ಕಾಫಿಯ ಜೊತೆ ಕತ್ತಲನ್ನೂ ರಫ್ತು ಮಾಡಬಹುದು, ಅಷ್ಟಿದೆ. ಆದರೂ ಹುಡುಗಿ ಕೇಳಿದ್ದರಲ್ಲಿ ತಪ್ಪಿಲ್ಲ. ಇಲ್ಲಿಯ ಚರ್ಚಿನಲ್ಲಿ ಅವಳು ನೋಡಿದ್ದು ಭಾನುವಾರ ಬೆಳಗಿನ ಜಾವ ಐದಕ್ಕೆ, ಒಂದು ಬಲ್ಬೂ ಇಲ್ಲದೆ ಶುರುವಾಗುವ ಪೂಜೆ. ಬೆಳಕಿನ ಹಬ್ಬಕ್ಕೆ ಮೊದಲು ಬೇಕಾದ ಸಾಮಾನು ಕತ್ತಲು ಎಂದು ಅವಳಿಗೆ ಗೊತ್ತು.

ಕ್ಯಾಥೊಲಿಕ್ ಪೂಜೆಯ ನಿಯಮವೂ ಹಾಗೇ ಇದೆ. ಜಾಗರಣೆ ಪೂರ್ತಿ ಕತ್ತಲಾದ ಮೇಲೆ ಆರಂಭವಾಗಿ ಭಾನುವಾರ ಬೆಳಗಾಗುವ ಮೊದಲೇ ಮುಗಿಯಬೇಕು. ಏಪ್ರಿಲ್‌ನಲ್ಲಿ ಮಡಿಕೇರಿಯಲ್ಲಿ ಆರೂವರೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಏಳೂವರೆಗೆ ಶುರುಮಾಡಿದರೆ ಸಾಕು. ಇಲ್ಲಿ ಏಪ್ರಿಲ್ ನಡುವೆ ಬಂದ ಈಸ್ಟರಿಗೆ ಸೂರ್ಯ ಮುಳುಗುವುದೇ ಎಂಟು ಗಂಟೆಯ ಮೇಲೆ. ಹಲವು ಕಡೆ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಅದಕ್ಕೇ.

ಗುರುಗಳು ಅಂಗಳದ ಬೆಂಕಿಯನ್ನು ಆಶೀರ್ವದಿಸಿ, ಪಾಸ್ಖ ಬತ್ತಿ ಎನ್ನುವ ದೊಡ್ಡ ಮೇಣದ ಬತ್ತಿಯ ಮೇಲೆ ಮೊನೆಯಿಂದ ಶಿಲುಬೆ ಕೆತ್ತುತ್ತಾರೆ. ಶಿಲುಬೆಯ ಮೇಲೆ ಆಲ್ಫಾ, ಕೆಳಗೆ ಒಮೆಗಾ, ನಾಲ್ಕು ಮೂಲೆಗೆ ಆ ವರ್ಷದ ನಾಲ್ಕು ಅಂಕಿ. ಬಳಿಕ ಐದು ಧೂಪದ ಹರಳು ಚುಚ್ಚುವುದು, ಕ್ರಿಸ್ತನ ಐದು ಗಾಯಗಳ ನೆನಪಿಗೆ. ಬತ್ತಿ ಪ್ರತಿ ವರ್ಷ ಹೊಸದಾಗಿರಬೇಕು, ಮೇಣದ್ದೇ ಆಗಿರಬೇಕು. ಪ್ಲಾಸ್ಟಿಕ್ ಕೊಳವೆಯೊಳಗೆ ಎಣ್ಣೆ ತುಂಬಿ ಬತ್ತಿಯಂತೆ ತೋರಿಸುವುದು ಸಲ್ಲದು. ಬೆಂಕಿಗೆ ಒಣಗಿದ ಕಾಫಿ ಕಟ್ಟಿಗೆಯಷ್ಟು ಒಳ್ಳೆಯದು ಬೇರೆ ಇಲ್ಲ. ಗಟ್ಟಿ ಮರ, ಕೆಂಡ ನಿಲ್ಲುತ್ತದೆ, ಧೂಪದ ಪಾತ್ರೆಗೂ ಅದೇ ಕೆಂಡ ಬೇಕು. ಕಾಫಿ ಹೂ ಅರಳಿಸುವ ಹೂಮಳೆಯ ಕಾಲವಾದ್ದರಿಂದ ಕಟ್ಟಿಗೆಯನ್ನು ಹಿಂದಿನ ದಿನವೇ ಮಾಡಿನ ಕೆಳಗೆ ತಂದಿಟ್ಟುಕೊಳ್ಳಬೇಕು. ಒದ್ದೆ ಕಟ್ಟಿಗೆಗೆ ಸೀಮೆಎಣ್ಣೆ ಸುರಿದರೆ ಆ ವಾಸನೆ ಧೂಪವನ್ನೂ ನುಂಗುತ್ತದೆ.

ಬಳಿಕ ಆ ಬೆಂಕಿಯಿಂದ ಬತ್ತಿ ಹಚ್ಚಿ ಮೆರವಣಿಗೆ. ಬಾಗಿಲಲ್ಲಿ ಒಮ್ಮೆ, ನಡುವೆ ಒಮ್ಮೆ, ಪೀಠದ ಮುಂದೆ ಒಮ್ಮೆ ಬತ್ತಿಯನ್ನೆತ್ತಿ ಕ್ರಿಸ್ತನ ಬೆಳಕನ್ನು ಹಾಡುತ್ತಾರೆ. ಮೊದಲನೆಯದಕ್ಕೆ ಗುರುಗಳ ಬತ್ತಿ ಮಾತ್ರ ಹೊತ್ತುತ್ತದೆ, ಎರಡನೆಯದಕ್ಕೆ ಎಲ್ಲರದು. ಚರ್ಚಿನ ದೀಪಗಳು ಮೂರನೆಯದರ ನಂತರ, ಅದೂ ಪೀಠದ ಬತ್ತಿಗಳನ್ನು ಬಿಟ್ಟು. ಪೀಠದ ಬತ್ತಿಗಳು ಹೊತ್ತುವುದು ಏಳು ಹಳೆಯ ಒಡಂಬಡಿಕೆ ಓದುಗಳು ಮುಗಿದು ಗಂಟೆ ಬಾರಿಸುವ ಮಹಿಮಾಗೀತೆಗೆ. ವರ್ಷವಿಡೀ ಉರಿಯುವ ಕೆಂಪು ದೀಪ ಕೂಡ ಆ ಹೊತ್ತಿಗೆ ಆರಿರುತ್ತದೆ, ಏಕೆಂದರೆ ಪ್ರಸಾದದ ಪೆಟ್ಟಿಗೆ ಖಾಲಿ. ಇಷ್ಟು ಜಾಗ್ರತೆಯಿಂದ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ ಬೆಳಕನ್ನು ಯಾರೋ ಉತ್ಸಾಹಿ ಎರಡನೆಯ ಹಾಡಿಗೇ ಟ್ಯೂಬ್‌ಲೈಟ್ ಒತ್ತಿ ಮುಗಿಸಿಬಿಡುತ್ತಾರೆ. ಬೆಳಕು ಬಂದದ್ದು ಯಾವಾಗ ಎಂದು ಯಾರಿಗೂ ತಿಳಿಯುವುದಿಲ್ಲ.

ಮೇನ್ ಸ್ವಿಚ್ ಎಳೆದುಬಿಟ್ಟರಾಯಿತು ಎನ್ನುವವರೂ ಇದ್ದಾರೆ. ಎಳೆದ ಕೂಡಲೇ ಗೋಡೆಯ ಎಮರ್ಜೆನ್ಸಿ ಲ್ಯಾಂಪುಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ, ಕರೆಂಟು ಹೋದಾಗ ಉರಿಯುವುದೇ ಅವುಗಳ ಕೆಲಸ. ಅವನ್ನು ಮೊದಲೇ ಆಫ್ ಮಾಡಿ, ಮಿಕ್ಕದ್ದನ್ನು ಒಂದೊಂದೇ ಸ್ವಿಚ್ಚಿನಲ್ಲಿ ಆರಿಸಬೇಕು. ಸೀರಿಯಲ್ ಸೆಟ್ಟಿನ ಪ್ಲಗ್ ಕಿತ್ತಿಡಬೇಕು. ಮೆಟ್ಟಿಲಿರುವಲ್ಲಿ ಟಾರ್ಚು ಹಿಡಿದು, ಬೆಳಕನ್ನು ನೆಲಕ್ಕಷ್ಟೇ ಬಿಡುವ ಒಬ್ಬರು ನಿಲ್ಲಲಿ, ವಯಸ್ಸಾದವರು ಎಡವಬಾರದು. ಬೋರ್ಡಿನ ಹತ್ತಿರ ನಿಲ್ಲುವವರಿಗೆ ಪೂಜೆಯ ಕ್ರಮ ಬಾಯಿಪಾಠ ಇರಬೇಕು. ಇಲ್ಲದಿದ್ದರೆ ಇಡೀ ರಾತ್ರಿ ಅವರ ಬೆರಳ ತುದಿಯಲ್ಲಿ.

ಮೊಬೈಲಿನ ಮಾತಿಗೆ ಬಂದರೆ, ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ. ಮುಂದಿನವರು ಸ್ಕ್ರೀನ್ ಒಮ್ಮೆ ಎತ್ತಿದರೆ ಅಷ್ಟೂ ಹಾಳು. ಒಂದು ಮೇಣದ ಬತ್ತಿ ಒಂದು ಮೀಟರ್ ದೂರದಲ್ಲಿ ಕೊಡುವುದು ಸುಮಾರು 1 ಲಕ್ಸ್ ಬೆಳಕು. ಹುಣ್ಣಿಮೆಯ ಚಂದ್ರ ನೆಲಕ್ಕೆ ಕೊಡುವುದು ಹೆಚ್ಚೆಂದರೆ ಅದರ ಕಾಲು ಭಾಗ. ಆ ಕಾಲು ಭಾಗದಲ್ಲೇ, ತಳಿಯತಕ್ಕಿಯ, ಎಂದರೆ ಅಕ್ಕಿ ತುಂಬಿದ ತಟ್ಟೆಯ, ದೀಪ ಮುಂದಿಟ್ಟುಕೊಂಡು, "ಪೊಲಿ ಪೊಲಿಯೇ ದೇವಾ" ಎಂದು ಕೂಗುತ್ತಾ ಸುಗ್ಗಿಯ ಹಬ್ಬ ಪುತ್ತರಿಯ ಕದಿರು ಕೊಯ್ಯಲು ಗದ್ದೆಗೆ ಇಳಿದ ನಾಡಿಗೆ, ಒಂದು ಬತ್ತಿಯಿಂದ ಎಷ್ಟು ಕಾಣುತ್ತದೆ ಎಂದು ಪಾಠ ಹೇಳಬೇಕೆ? ಕೊಡವರ ಕುಲದ ಮೂಲಮನೆಯಾದ ಐನ್‌ಮನೆಯ ನಡುಕೋಣೆ, ನೆಲ್ಲಕ್ಕಿ ನಡುಬಾಡೆಯ ತೂಗುದೀಪವೂ ಓದಿಕೊಳ್ಳಲು ಹಚ್ಚಿದ್ದಲ್ಲ. "ನಿನ್ನ ವಾಕ್ಯ ನನ್ನ ಕಾಲಿಗೆ ದೀಪ" ಎನ್ನುವ 119ನೆಯ ಕೀರ್ತನೆಯ ಸಾಲು ತೋಟದಲ್ಲಿ ನಡೆದವರಿಗೆ ಬೇಗ ಅರ್ಥವಾಗುತ್ತದೆ. ಆ ದೀಪ ಬೆಟ್ಟದ ತುದಿಯನ್ನು ತೋರಿಸುವುದಿಲ್ಲ, ಮುಂದಿನ ಹೆಜ್ಜೆಯಲ್ಲಿ ಹಾವಿದೆಯೋ ಬೇರಿದೆಯೋ ಅಷ್ಟೇ.

ಬತ್ತಿಯಿಂದ ಬತ್ತಿಗೆ ಹಚ್ಚುವಾಗ ಉರಿಯುತ್ತಿರುವುದನ್ನು ನೆಟ್ಟಗೆ ಹಿಡಿದು, ಉರಿಯದ್ದನ್ನು ಬಾಗಿಸಬೇಕು. ನಮ್ಮಲ್ಲಿ ಉಲ್ಟಾ. ಕರಗಿದ ಮೇಣವೆಲ್ಲ ಪಕ್ಕದವರ ರೇಷ್ಮೆ ಸೀರೆಗೆ. ಅಂಗೈಯಗಲದ ರಟ್ಟು ಕತ್ತರಿಸಿ, ನಡುವೆ ಕೂಡು ಗುರುತಿನ ಸೀಳು ಕೊಟ್ಟು ಬತ್ತಿಯನ್ನು ತೂರಿಸಿದರೆ ಕೈ ಸುಡುವುದಿಲ್ಲ. ದಪ್ಪ ಬತ್ತಿಯದು ಇನ್ನೊಂದು ರಗಳೆ: ನಡುವೆ ಮಾತ್ರ ಕರಗಿ ಬಾವಿಯಾಗಿ, ಕೊನೆಗೆ ಜ್ವಾಲೆ ತನ್ನ ಮೇಣದಲ್ಲೇ ಮುಳುಗಿ ಆರುತ್ತದೆ. ಮೊದಲ ಸಲ ಹಚ್ಚಿದಾಗ ಮೇಣ ಅಂಚಿನವರೆಗೆ ಕರಗುವ ತನಕ ಬಿಡಬೇಕು, ಒಂದು ಇಂಚು ಅಗಲಕ್ಕೆ ಸುಮಾರು ಒಂದು ಗಂಟೆ ಎಂಬ ಲೆಕ್ಕ. ನೂಲನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿಡಬೇಕು, ಉದ್ದ ಬಿಟ್ಟರೆ ಮಸಿ. ಫ್ಯಾನಿನ ಕೆಳಗೆ ಇಟ್ಟರಂತೂ ಒಂದೇ ಪಕ್ಕಕ್ಕೆ ಸುರಿಯುತ್ತದೆ. ಪಾಸ್ಖ ಬತ್ತಿ ಈಸ್ಟರಿನಿಂದ ಐವತ್ತನೆಯ ದಿನ ಬರುವ ಪೆಂತೆಕೋಸ್ತಿನವರೆಗೆ ಪೀಠದ ಬಳಿ ನಿಂತು, ವರ್ಷವಿಡೀ ದೀಕ್ಷಾಸ್ನಾನಕ್ಕೂ ಸಾವಿಗೂ ಉರಿಯಬೇಕಾದ್ದು. ಅದನ್ನು ಮೊದಲ ರಾತ್ರಿಯೇ ಕೆಡಿಸಿದರೆ ಹೇಗೆ?

ಆ ರಾತ್ರಿಯ ಘೋಷಗೀತೆಯಲ್ಲಿ ಜೇನುಹುಳುಗಳ ದುಡಿಮೆಯನ್ನೂ ನೆನೆಯುತ್ತಾರೆ, ಮೇಣ ಅವುಗಳದ್ದಾದ್ದರಿಂದ. ಜೇನಿಗೆ ಹೆಸರಾದ ಕೊಡಗಿನಲ್ಲಿ ಪ್ಯಾರಾಫಿನ್ ಬತ್ತಿ ಹಿಡಿದು ಆ ಸಾಲು ಕೇಳುವಾಗ ಸ್ವಲ್ಪ ಮುಜುಗರವಾಗಬೇಕು. 1990ರ ದಶಕದ ಆರಂಭದಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಜೇನಿನ ಪೆಟ್ಟಿಗೆಗಳು ಖಾಲಿಯಾದದ್ದು ನಿಜ. ಆದರೂ ಪೆಟ್ಟಿಗೆ ಇಟ್ಟವರು ಹಳೆಯ ಎರಿಗಳನ್ನು ಬಟ್ಟೆಯಲ್ಲಿ ಕಟ್ಟಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದರೆ, ತಣ್ಣಗಾದ ಮೇಲೆ ಮೇಣ ತಟ್ಟೆಯಂತೆ ಮೇಲೆ ನಿಲ್ಲುತ್ತದೆ. ಒಲೆಯ ಮೇಲೆ ನೇರ ಕಾಯಿಸಬಾರದು. 62ರಿಂದ 64 ಡಿಗ್ರಿಗೆ ಕರಗುವ ಮೇಣ ಅತಿಯಾಗಿ ಕಾದರೆ ಕಪ್ಪಾಗುತ್ತದೆ, ಹೊತ್ತಿಕೊಳ್ಳಲೂಬಹುದು.

ಡಿಸೆಂಬರಿನ ಲೆಕ್ಕ ಬೇರೆ. ಕ್ರಿಸ್‌ಮಸ್‌ಗೆ ಮೊದಲು ಇಲ್ಲಿ ಹಗಲು ಎಂಟೂಕಾಲು ಗಂಟೆ. ಅದರಲ್ಲಿ ಸೂರ್ಯನನ್ನು ಕಂಡದ್ದೆಷ್ಟು ಎಂದು ಕೇಳಬೇಡಿ. 1839ರಲ್ಲಿ ಹ್ಯಾಂಬರ್ಗಿನ ಯೋಹಾನ್ ವಿಖರ್ನ್ ಎಂಬ ದೇವಶಾಸ್ತ್ರಜ್ಞ ತಮ್ಮ ಮಕ್ಕಳಾಶ್ರಮದಲ್ಲಿ ಗಾಡಿಚಕ್ರದ ಮೇಲೆ 20 ಸಣ್ಣ ಕೆಂಪು ಬತ್ತಿ, 4 ದೊಡ್ಡ ಬಿಳಿ ಬತ್ತಿ ನಿಲ್ಲಿಸಿ ಕ್ರಿಸ್‌ಮಸ್ ಬರುವವರೆಗೆ ದಿನಕ್ಕೊಂದು ಹಚ್ಚಿಸಿದ್ದು ಆ ಕತ್ತಲಲ್ಲಿ. ಮುಂದೆ ಕೊಡಗಿಗೂ ಬಂದ ಜರ್ಮನ್ ಮಿಷನರಿ ಹೆರ್ಮನ್ ಮೋಗ್ಲಿಂಗ್ 1836ಕ್ಕೇ ಮಂಗಳೂರಿಗೆ ಬಂದಾಗಿತ್ತು, ಪಾಪ, ಆ ಚಕ್ರ ಕಾಣುವ ಮೊದಲೇ. ಮಡಿಕೇರಿಯ ಡಿಸೆಂಬರಿನಲ್ಲಿ ಹನ್ನೊಂದೂಕಾಲು ಗಂಟೆಗೂ ಮೀರಿದ ಹಗಲು, ಕಣದ ತುಂಬ ಒಣಗುವ ಕಾಫಿ, ಶುಭ್ರ ಆಕಾಶ. ಕತ್ತಲನ್ನು ಎಲ್ಲಿಂದ ತರುವುದು?

ನಮ್ಮ ಕತ್ತಲು ಬರುವುದು ಮಳೆಗಾಲದಲ್ಲಿ, ಕೊಡವರ ಕಕ್ಕಡ ತಿಂಗಳಲ್ಲಂತೂ ಪೂರ್ತಿ. ಜೂನ್ 24ಕ್ಕೆ ಸ್ನಾನಿಕ ಯೊವಾನ್ನನ ಜನ್ಮದಿನ, ಕ್ರಿಸ್‌ಮಸ್‌ಗೆ ಸುಮಾರು ಆರು ತಿಂಗಳು ಮೊದಲು. "ಅವನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು" ಎಂದವನ ಹಬ್ಬದಿಂದ ಹಗಲು ಕುಗ್ಗುವುದನ್ನು ಸಂತ ಅಗಸ್ಟೀನ್ ಕಾಲದಿಂದಲೂ ಹೇಳುತ್ತಾರೆ. ಅವರದು ಗಡಿಯಾರದ ಕುಗ್ಗುವಿಕೆ, ನಮ್ಮದು ಮೋಡದ್ದು. ಸಂತ ಅನ್ನಮ್ಮನ ದಿನ ಜುಲೈ 26, ಮಳೆಯ ನಟ್ಟನಡುವೆ. ಟಿಪ್ಪುವಿನ ಕಾಲದಲ್ಲಿ ನೆಲೆ ತಪ್ಪಿ ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು, 1792ರಲ್ಲಿ ವಿರಾಜಪೇಟೆಯಲ್ಲಿ ನೆಲೆಯಾದ ಚರ್ಚು ಆ ತಾಯಿಯ ಹೆಸರಿನದು. ಬೂಷ್ಟು ಹಿಡಿದ ಬೆಂಕಿಕಡ್ಡಿ ಮೂರು ಸಲ ಗೀರಿ ನಾಲ್ಕನೆಯದಕ್ಕೆ ಹೊತ್ತಿ, ಲಾಟೀನಿನ ಚಿಮಣಿಯನ್ನು ಹಳೆ ಪೇಪರಿನಲ್ಲಿ ಒರೆಸಿ ಕೂರಿಸಿದಾಗ ಮನೆಯವರೆಲ್ಲ ತಿರುಗಿ ನೋಡುತ್ತಾರಲ್ಲ, ಬೆಳಕು ಕತ್ತಲಲ್ಲಿ ಹೊಳೆಯುತ್ತದೆ ಎನ್ನುವ ಯೊವಾನ್ನನ ಸುವಾರ್ತೆಯ ಮೊದಲ ಅಧ್ಯಾಯಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ಇಲ್ಲಿಯ ಚಳಿಗಾಲದಲ್ಲೂ ಸಿಗುವುದಿಲ್ಲ.

2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ. ಅದೇ ರಾತ್ರಿ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದರಿಂದ ಐದರ ಪೂಜೆಗೆ ಬರುವವರ ನಿದ್ದೆ ಕೆಟ್ಟಿತು. ಕೊಡಗಿನಲ್ಲಿ ಹುಣ್ಣಿಮೆ ಕಳೆದು ಐದು ದಿನವಾಗಿರುತ್ತದೆ, ಚಂದ್ರ ಹುಟ್ಟುವುದು ರಾತ್ರಿ ಹನ್ನೊಂದರ ಆಸುಪಾಸು. ಏಳೂವರೆಗೆ ಬೇಕಾದಷ್ಟು ಕತ್ತಲು ತಾನಾಗಿಯೇ ಇರುತ್ತದೆ ಎಂದು ಹುಡುಗಿಗೆ ಹೇಳಿದ್ದಾಯಿತು. ಅವಳು ಸ್ವಲ್ಪ ಯೋಚಿಸಿ ಹೇಳಿದಳು: "ಹಂಗಾದ್ರೆ ಸ್ವಿಚ್ ಬೋರ್ಡ್ ಹತ್ರ ನಾನ್ ನಿಲ್ತೀನಿ."