ಓಡುವ ಕಥೆಗೆ 48 ಫ್ರೇಮು

ಪೀಟರ್ ಜಾಕ್ಸನ್ ಅವರ ‘ದಿ ಹಾಬಿಟ್’ ಸರಣಿಯ ಮೊದಲ ಭಾಗ 2012ರ ಡಿಸೆಂಬರಿನಲ್ಲಿ ತೆರೆಗೆ ಬಂದಾಗ ತುಮಕೂರಿನ ನಮ್ಮ ಗೆಳೆಯರ ಬಳಗದಲ್ಲಿ ಹತ್ತಿಕೊಂಡ ವಾದ ಇಂದಿಗೂ ಆರಿಲ್ಲ. ಬಳಗದಲ್ಲಿ ಬಿ.ಎಚ್. ರಸ್ತೆಯ ಕಡೆ ಫೋಟೊ ಸ್ಟುಡಿಯೋ ನಡೆಸುವವರೊಬ್ಬರಿದ್ದಾರೆ, ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಡಂ ಒಬ್ಬರಿದ್ದಾರೆ, ಈ ಸಿನಿಮಾಗಳನ್ನು ಮನೆಯ ಟಿವಿಯಲ್ಲಿ ಮಾತ್ರ ನೋಡಿ ಬೆಳೆದ ಹುಡುಗರೂ ಇದ್ದಾರೆ. ಎಲ್ಲರ ದೂರುಗಳನ್ನೂ ಸೇರಿಸಿದರೆ ಎರಡಾಗುತ್ತವೆ. ಕಥೆಯನ್ನು ವಿಪರೀತ ಎಳೆದಿದ್ದಾರೆ ಎಂಬುದು ಒಂದು. ಸೆಕೆಂಡಿಗೆ 24 ಫ್ರೇಮಿನ, ಅಂದರೆ 24 ಬಿಡಿ ಚಿತ್ರಗಳ, ಬದಲು 48 ಫ್ರೇಮಿನಲ್ಲಿ ಚಿತ್ರೀಕರಿಸಿದ್ದರಿಂದ ಸಿನಿಮಾ ಸಿನಿಮಾದಂತೆಯೇ ಕಾಣಲಿಲ್ಲ ಎಂಬುದು ಇನ್ನೊಂದು. ಇವೆರಡನ್ನೂ ಸಂಬಂಧವಿಲ್ಲದ ದೂರುಗಳೆಂದೇ ನಮ್ಮವರು ಹೇಳುತ್ತ ಬಂದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. 48 ಫ್ರೇಮು ಎಂಬುದು ಒಂದು ಕಡೆ ನಿಂತು ನೋಡುವ ದೃಶ್ಯಕ್ಕೆ ಒಗ್ಗುವ ತಂತ್ರ. ಅದನ್ನು ಎಲ್ಲಿಯೂ ನಿಲ್ಲದೆ ಓಡುವ ಕಥೆಗೆ ತೊಡಿಸಿದ್ದರಿಂದಲೇ ತಂತ್ರಕ್ಕೂ ಕೆಟ್ಟ ಹೆಸರು ಬಂತು, ಕಥೆಗೂ ಬಂತು.

ಮೊದಲು ಎಳೆದಿದ್ದಾರೆ ಎಂಬ ಮಾತನ್ನು ನೋಡೋಣ. ಟೋಲ್ಕಿನ್ ಅವರ ಮೂಲ ಪುಸ್ತಕ 1937ರಲ್ಲಿ ಮಕ್ಕಳಿಗಾಗಿ ಪ್ರಕಟವಾದದ್ದು. ಡ್ರ್ಯಾಗನ್ ಕಸಿದುಕೊಂಡ ಬೆಟ್ಟವನ್ನು ಮರಳಿ ಪಡೆಯಲು ಹೊರಟ ಕುಬ್ಜರ ಜೊತೆ ಬಿಲ್ಬೊ ಎಂಬ ಪುಟ್ಟ ಹಾಬಿಟ್ ಮನೆ ಬಿಟ್ಟು ಹೋಗುವ ಕಥೆ ಅದು. ಅದರಲ್ಲಿರುವುದು 19 ಅಧ್ಯಾಯಗಳು, ಸುಮಾರು 300 ಪುಟಗಳು. ಇದನ್ನು ಎರಡು ಸಿನಿಮಾ ಮಾಡುವುದೆಂದು ಮೊದಲು ನಿಶ್ಚಯವಾಗಿತ್ತು. ಮೊದಲ ಭಾಗದ ಬಿಡುಗಡೆಗೆ ಕೆಲವೇ ತಿಂಗಳಿರುವಾಗ, 2012ರ ಜುಲೈನಲ್ಲಿ, ಎರಡು ಮೂರಾಗುತ್ತದೆ ಎಂಬ ಪ್ರಕಟಣೆ ಹೊರಬಿತ್ತು. ಚಿತ್ರಮಂದಿರದಲ್ಲಿ ತೋರಿಸಿದ ಅವಧಿಯನ್ನೇ ತೆಗೆದುಕೊಂಡರೂ 169, 161 ಮತ್ತು 144 ನಿಮಿಷ, ಒಟ್ಟಿಗೆ ಹೆಚ್ಚುಕಡಿಮೆ ಎಂಟು ಗಂಟೆ. ಮೊದಲ ಸಿನಿಮಾ ಮುಗಿಯುವ ಹೊತ್ತಿಗೆ ಪುಸ್ತಕದ ಆರು ಅಧ್ಯಾಯಗಳಷ್ಟು ಕಥೆ ಮಾತ್ರ ಆಗಿರುತ್ತದೆ. ನಮ್ಮ ಮೇಡಂ ಅವರ ತಕರಾರೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ: ಅದೇ ನಿರ್ದೇಶಕರು ಸಾವಿರ ಪುಟ ಮೀರಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಮೂರೇ ಸಿನಿಮಾಗಳಲ್ಲಿ ಹಿಡಿದಿದ್ದರಲ್ಲ, ಹಾಗಿರುವಾಗ ಈ ಚಿಕ್ಕ ಪುಸ್ತಕಕ್ಕೆ ಮೂರು ಏಕೆ ಬೇಕಿತ್ತು ಎಂದು ಅವರು ಕೇಳುತ್ತಾರೆ.

ಲೆಕ್ಕ ಸರಿ. ಆದರೆ ಉದ್ದವೇ ದೋಷವೆಂದು ನಮ್ಮ ಜಿಲ್ಲೆಯವರು ಹೇಳುವುದು ನನಗೆ ಸೋಜಿಗ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಇಲ್ಲಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರು ಊರಿನ ರೈತರಿಗೆ, ಅಂಗಡಿಯವರಿಗೆ, ಬಸ್ ಕಂಡಕ್ಟರಿಗೆ ತಿಂಗಳುಗಟ್ಟಲೆ ಪದ್ಯ ಕಲಿಸಿರುತ್ತಾರೆ. ಸೀನರಿ ಬಾಡಿಗೆಗೆ ಬಂದಿರುತ್ತದೆ. ರಾತ್ರಿ ಹತ್ತರ ಮೇಲೆ ಪರದೆ ಎದ್ದರೆ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಕಥೆ ಅಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತಿರುವಂಥದು. ಹಾಗಿದ್ದೂ ಸಂಧಾನಕ್ಕೆ ಬಂದ ಕೃಷ್ಣ ಒಂದು ಪದ್ಯವನ್ನು ಚೆನ್ನಾಗಿ ಎತ್ತಿದರೆ ‘ಒನ್ಸ್ ಮೋರ್’ ಕೂಗು ಬರುತ್ತದೆ, ಕೃಷ್ಣ ಅದೇ ಪದ್ಯವನ್ನು ಮತ್ತೆ ಹಾಡುತ್ತಾನೆ, ಯುದ್ಧ ಅಷ್ಟು ಹೊತ್ತು ಕಾಯುತ್ತದೆ. ಆಗ ಯಾರೂ ಎಳೆಯುತ್ತಿದ್ದಾರೆ ಎನ್ನುವುದಿಲ್ಲ, ಏಕೆಂದರೆ ನಾಟಕ ಅಲ್ಲಿ ನಿಂತಿರುವುದು ನಿಲ್ಲಬೇಕಾದ ಜಾಗದಲ್ಲಿ. ‘ಹಾಬಿಟ್’ ಸಿನಿಮಾಗಳ ತೊಂದರೆ ಇದಕ್ಕೆ ತದ್ವಿರುದ್ಧವಾದದ್ದು. ಅವು ಉದ್ದವಾಗಿವೆ, ಆದರೆ ನಿಧಾನವಾಗಿಲ್ಲ. ಹೆಚ್ಚಿಗೆ ಸಿಕ್ಕ ಸಮಯವೆಲ್ಲ ಬೆನ್ನಟ್ಟುವುದರಲ್ಲಿ, ಬೀಳುವುದರಲ್ಲಿ, ಎದ್ದು ಮತ್ತೆ ಓಡುವುದರಲ್ಲಿ ಕಳೆದುಹೋಗುತ್ತದೆ.

ಇನ್ನು ಫ್ರೇಮಿನ ಮಾತು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ವೇಗಕ್ಕೆ ಒಂದು ನಿಯಮವಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಮಾತು ಬಂದಾಗ ಧ್ವನಿ ಕೆಡದಂತೆ ಒಂದೇ ವೇಗ ಬೇಕಾಯಿತು. ಧ್ವನಿಗೆ ಸಾಕಾಗುವಷ್ಟು, ಫಿಲ್ಮಿನ ಖರ್ಚೂ ಕೈಮೀರದಷ್ಟು ಎಂಬ ಲೆಕ್ಕದಲ್ಲಿ 24 ನೆಲೆಯೂರಿತು. 24 ಫ್ರೇಮಿನ ಸಿನಿಮಾದಲ್ಲಿ ಸಾಮಾನ್ಯವಾಗಿ ಒಂದೊಂದು ಫ್ರೇಮಿಗೂ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ಬೆಳಕು ಬೀಳುತ್ತದೆ. ಅಷ್ಟರಲ್ಲಿ ಕೈ ಬೀಸಿದರೆ ಕೈ ಮಸುಕಾಗಿ ಮೂಡುತ್ತದೆ. ನಾವು ಹುಟ್ಟಿದಾಗಿನಿಂದ ಸಿನಿಮಾ ಎಂದು ಗುರುತಿಸುತ್ತ ಬಂದ ನೋಟದಲ್ಲಿ ಈ ಮಸುಕಿನ ಪಾಲು ದೊಡ್ಡದು.

ಇದನ್ನು ನನಗೆ ಕಣ್ಣಾರೆ ತೋರಿಸಿದವರು ನಮ್ಮ ಸ್ಟುಡಿಯೋ ಗೆಳೆಯರು. ಯಾವುದೋ ಮದುವೆಯಿಂದ ಉಳಿದು ಬಂದ ಚೆಂಡು ಹೂವಿನ ಹಾರವೊಂದು ಅಂಗಡಿಯಲ್ಲಿತ್ತು. ಅದನ್ನು ಅವರ ಹುಡುಗನ ಕೈಗೆ ಕೊಟ್ಟು ಬೀಸಲು ಹೇಳಿ, ಒಮ್ಮೆ 25 ಫ್ರೇಮಿನಲ್ಲಿ, ಇನ್ನೊಮ್ಮೆ 50 ಫ್ರೇಮಿನಲ್ಲಿ ಶೂಟ್ ಮಾಡಿ, ಎರಡನ್ನೂ ಮಾನಿಟರಿನಲ್ಲಿ ಅಕ್ಕಪಕ್ಕ ಹಾಕಿದರು. ಮೊದಲನೆಯದರಲ್ಲಿ ಹಾರ ಒಂದು ಕಿತ್ತಳೆ ಬಣ್ಣದ ಗೆರೆಯಾಗಿ ಗಾಳಿಯಲ್ಲಿ ಹರಿದಂತೆ ಕಂಡಿತು. ಎರಡನೆಯದರಲ್ಲಿ ಹೂವುಗಳು ಒಂದೊಂದಾಗಿ ಕಂಡವು, ಎರಡು ಹೂವುಗಳ ನಡುವೆ ಬಿಳಿಯ ದಾರವೂ ಕಂಡಿತು. “ಹೂವ ನೋಡೋಕೆ ಬಂದೋರಿಗೆ ದಾರ ಕಾಣ್ತೈತಲ್ಲ ಸಾರ್, ಅದೇ ತೊಂದ್ರೆ” ಎಂದರು. ಅವರು ಇನ್ನೊಂದು ಮಾತನ್ನೂ ಸೇರಿಸಿದರು. ನಮ್ಮ ಹಳೆಯ ಮದುವೆ ವಿಡಿಯೋಗಳೂ ಟಿವಿ ಧಾರಾವಾಹಿಗಳೂ ಸೆಕೆಂಡಿಗೆ 50 ಅರ್ಧಚಿತ್ರಗಳ ಲೆಕ್ಕದಲ್ಲಿ ಬರುತ್ತಿದ್ದವು, ಆದ್ದರಿಂದ ಚಲನೆ ಅಷ್ಟು ನಯವಾಗಿದ್ದರೆ ಅದು ವಿಡಿಯೋ, ಸಿನಿಮಾವಲ್ಲ ಎಂದು ನಮ್ಮ ಕಣ್ಣು ಕಲಿತುಬಿಟ್ಟಿದೆ. 48 ಫ್ರೇಮಿನ ‘ಹಾಬಿಟ್’ ನೋಡಿದವರಲ್ಲಿ ಅನೇಕರು ಧಾರಾವಾಹಿ ನೋಡಿದಂತಾಯಿತು ಎಂದದ್ದಕ್ಕೆ ಇದಕ್ಕಿಂತ ಸರಳವಾದ ವಿವರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಜಾಕ್ಸನ್ ತಂಡಕ್ಕೆ ಈ ಅಪಾಯದ ಅರಿವಿತ್ತು. ಆದ್ದರಿಂದಲೇ ಅವರು ಫ್ರೇಮಿಗೆ ಬೆಳಕು ಬಿಡುವ ಶಟರನ್ನು ಸಾಮಾನ್ಯವಾದ 180 ಡಿಗ್ರಿಯ ಬದಲು 270 ಡಿಗ್ರಿಗೆ ತೆರೆದಿಟ್ಟು, ಪ್ರತಿ ಫ್ರೇಮಿಗೂ ಸೆಕೆಂಡಿನ 64ನೇ ಒಂದು ಭಾಗದಷ್ಟು ಬೆಳಕು ಕೊಟ್ಟರು. ಸಾಮಾನ್ಯ ಚಿತ್ರಮಂದಿರಗಳಿಗೆ 24 ಫ್ರೇಮಿನ ಪ್ರತಿ ಸಿದ್ಧಪಡಿಸುವಾಗ ಒಂದು ಬಿಟ್ಟು ಒಂದು ಫ್ರೇಮನ್ನು ತೆಗೆದರೆ ಸಾಕು, ಆ ಪ್ರತಿಯಲ್ಲಿಯೂ ಮಸುಕು ಸ್ವಲ್ಪ ಉಳಿದಿರುತ್ತದೆ ಎಂಬುದು ಅವರ ಲೆಕ್ಕ. ತ್ರೀಡಿಯಲ್ಲಿ ಕ್ಯಾಮೆರಾ ಅಡ್ಡಡ್ಡ ಸರಿದಾಗ 24 ಫ್ರೇಮು ತಡವರಿಸಿ ಕಣ್ಣು ನೋಯಿಸುವುದೂ ನಿಜ, 48ರಲ್ಲಿ ಆ ನೋವು ಕಡಿಮೆಯಾಗುವುದೂ ನಿಜ. ಮನೆಯಲ್ಲಿ ನೋಡಲು ಬಂದ ಡಿಸ್ಕುಗಳೆಲ್ಲ 24 ಫ್ರೇಮಿನವು. ಹೀಗಾಗಿ ನಮ್ಮ ಹುಡುಗರು 48ರ ಬಗ್ಗೆ ಆಡುವ ಮಾತು ಕೇಳಿದ ಮಾತಷ್ಟೇ, ಇಲ್ಲವೇ ಟಿವಿಯೊಳಗೆ ಚಲನೆಯನ್ನು ನಯಗೊಳಿಸುವ ಆ ಸೆಟ್ಟಿಂಗ್ ಆನ್ ಆಗಿದ್ದಾಗ ಕಂಡದ್ದರ ಮೇಲಿನ ಮಾತು. ಆ ಸೆಟ್ಟಿಂಗ್ ಇಲ್ಲದ ಫ್ರೇಮನ್ನು ಊಹಿಸಿ ತುಂಬುತ್ತದೆ. ಕ್ಯಾಮೆರಾ ಹಿಡಿದ ಫ್ರೇಮಿಗೂ ಅದಕ್ಕೂ ಹೋಲಿಕೆಯಿಲ್ಲ.

ನಾನು 48 ಫ್ರೇಮಿನ ಪ್ರತಿಯನ್ನು ನೋಡಿದ್ದು ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿನಲ್ಲಿ. ಅದರಲ್ಲಿ ನನ್ನನ್ನು ಪೂರ್ತಿ ಒಪ್ಪಿಸಿದ ಭಾಗ ಬಿಲ್ಬೊ ಮತ್ತು ಉಂಗುರವೊಂದಕ್ಕೆ ಅಂಟಿಕೊಂಡ ವಿಚಿತ್ರ ಜೀವಿ ಗೊಲ್ಲಮ್ ಕತ್ತಲ ಗುಹೆಯಲ್ಲಿ ಒಗಟು ಹಾಕಿಕೊಳ್ಳುವ ದೃಶ್ಯ, ಪುಸ್ತಕದ ಐದನೆಯ ಅಧ್ಯಾಯ. 2011ರ ಮಾರ್ಚಿನಲ್ಲಿ ಚಿತ್ರೀಕರಣ ಆರಂಭವಾದಾಗ ಮೊದಲು ತೆಗೆದದ್ದೂ ಇದನ್ನೇ. ಬಿಲ್ಬೊ ಪಾತ್ರದ ಮಾರ್ಟಿನ್ ಫ್ರೀಮನ್ ಮತ್ತು ಗೊಲ್ಲಮ್ ಪಾತ್ರದ ಆಂಡಿ ಸರ್ಕಿಸ್ ಇಡೀ ದೃಶ್ಯವನ್ನು ರಂಗದ ಮೇಲೆ ಆಡುವಂತೆ ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಆಡಿದರು. ಹಿಂದಿನ ಸರಣಿಯಲ್ಲಿ ಸರ್ಕಿಸ್ ಅವರ ಚಲನೆಯನ್ನು ದಾಖಲಿಸಲು ಬೇರೆ ಜಾಗದಲ್ಲಿ ಮತ್ತೊಮ್ಮೆ ನಟಿಸಬೇಕಾಗುತ್ತಿತ್ತು. ಈ ಬಾರಿ ಎದುರಿನ ನಟನ ಜೊತೆಗೆ, ಸೆಟ್ಟಿನಲ್ಲಿಯೇ, ಮುಖದ ಮುಂದೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ನಟಿಸಿದರು. ಫಲವೇನೆಂದರೆ, ಉತ್ತರ ಹೊಳೆಯದೆ ಗೊಲ್ಲಮ್ ತಡಕಾಡುವಾಗ ಅವನ ಕಣ್ಣುಗುಡ್ಡೆ ಅತ್ತಿತ್ತ ಸರಿಯುವುದು, ತುಟಿಯ ಅಂಚು ನಡುಗಿ ನಿಲ್ಲುವುದು, ಉಂಗುರ ಕಳೆದುಹೋಗಿದೆ ಎಂದು ತಿಳಿಯುವ ಕ್ಷಣದಲ್ಲಿ ಇಡೀ ಮುಖ ಕುಸಿಯುವುದು, ಇವೆಲ್ಲ 48 ಫ್ರೇಮಿನಲ್ಲಿ ಎದುರಿಗೆ ಕುಳಿತ ಮನುಷ್ಯನ ಮುಖದಷ್ಟೇ ಸ್ಪಷ್ಟವಾಗಿ ಕಂಡವು. ಅದು ಗ್ರಾಫಿಕ್ಸ್ ಎಂಬುದು ಮರೆತುಹೋಯಿತು. ಕಥೆ ಅಲ್ಲಿ ನಿಂತಿತ್ತು, ನೋಡಲು ನಮಗೆ ಸಮಯವಿತ್ತು, ನೋಡುವುದಕ್ಕೆ ತಕ್ಕ ಮುಖವೂ ಇತ್ತು.

ಅದೇ ಸಿನಿಮಾದಲ್ಲಿ, ಅದೇ ಬೆಟ್ಟದೊಳಗೆ, ಕುಬ್ಜರು ಗಾಬ್ಲಿನ್ ಎಂಬ ದುಷ್ಟ ಜೀವಿಗಳಿಂದ ತಪ್ಪಿಸಿಕೊಂಡು ಓಡುತ್ತಾರೆ. ಮರದ ಸೇತುವೆಗಳು ಮುರಿದು ಎಲ್ಲರೂ ಪಾತಾಳಕ್ಕೆ ಬೀಳುತ್ತಾರೆ, ಬಿದ್ದವರು ಮೈ ಕೊಡವಿ ಏಳುತ್ತಾರೆ. ಇಲ್ಲಿ ಬಹುಪಾಲು ದೇಹಗಳು ಕಂಪ್ಯೂಟರಿನಲ್ಲಿ ಹುಟ್ಟಿದವು. 24 ಫ್ರೇಮಿನಲ್ಲಾದರೆ ಮಸುಕು ಅವುಗಳನ್ನು ಕಾಪಾಡುತ್ತದೆ. 48ರಲ್ಲಿ ಕಣ್ಣು ಬೀಳುವ ದೇಹವನ್ನು ಮೇಲಿನಿಂದ ಕೆಳಗಿನವರೆಗೆ ಹಿಂಬಾಲಿಸಿ ನೋಡುತ್ತದೆ, ಅದಕ್ಕೆ ತೂಕವಿಲ್ಲ ಎಂಬುದನ್ನು ಕಂಡುಹಿಡಿಯುತ್ತದೆ. ತೂಕವಿಲ್ಲದ ದೇಹಕ್ಕೆ ಪೆಟ್ಟಾಗುವುದಿಲ್ಲ. ಪೆಟ್ಟಾಗದವರ ಬಗ್ಗೆ ಆತಂಕ ಹುಟ್ಟುವುದಿಲ್ಲ. ಆತಂಕವಿಲ್ಲದ ಓಟ ಐದು ನಿಮಿಷವಿದ್ದರೂ ಐವತ್ತು ನಿಮಿಷದಂತಾಗುತ್ತದೆ. ನಮ್ಮವರು ಎಳೆದಿದ್ದಾರೆ ಎನ್ನುವುದು ಇಂಥ ಕಡೆಗಳಲ್ಲಿಯೇ, ಸಿನಿಮಾ ಅತಿ ವೇಗವಾಗಿ ಓಡುವ ಕಡೆಗಳಲ್ಲಿಯೇ ಎಂಬುದನ್ನು ಗಮನಿಸಬೇಕು.

ಬಿಲ್ಬೊನ ಮನೆಯ ಊಟದ ದೃಶ್ಯವನ್ನು ಬೈಯುವವರ ಜೊತೆ ಮಾತ್ರ ನಾನು ರಾಜಿಯಾಗಲಾರೆ. 13 ಜನ ಕುಬ್ಜರು ಒಬ್ಬೊಬ್ಬರಾಗಿ ಬಂದು ಉಗ್ರಾಣ ಬರಿದು ಮಾಡಿ, ಕೊನೆಗೆ ಬೆಂಕಿಯ ಮುಂದೆ ಕಳೆದುಕೊಂಡ ಬೆಟ್ಟದ ಹಾಡು ಹಾಡುವ ತನಕ ಕಥೆ ಹೊರಡುವುದೇ ಇಲ್ಲ ಎಂಬುದು ದೂರು. ಹೊರಡಬಾರದು. ಮನೆಯ ಸುಖ ಏನೆಂದು ತಿಳಿದರೆ ತಾನೆ ಅದನ್ನು ಬಿಟ್ಟು ಹೋಗುವ ಕಷ್ಟ ತಿಳಿಯುವುದು? ಜೊತೆಗೆ ಆ ದೃಶ್ಯದ ಹಿಂದಿನ ಕೆಲಸ ಅಸಾಧಾರಣವಾದದ್ದು. ಹಿಂದಿನ ಸರಣಿಯಲ್ಲಿ ಒಬ್ಬ ನಟನನ್ನು ಕ್ಯಾಮೆರಾದಿಂದ ದೂರ ಕೂರಿಸಿ ಅವನು ಚಿಕ್ಕವನೆಂದು ಕಣ್ಣನ್ನು ನಂಬಿಸುತ್ತಿದ್ದರು. ತ್ರೀಡಿಯಲ್ಲಿ ದೂರ ದೂರವಾಗಿಯೇ ಕಾಣುವುದರಿಂದ ಆ ಉಪಾಯ ನಡೆಯುವುದಿಲ್ಲ. ಆದ್ದರಿಂದ ಕುಬ್ಜರಿಗೊಂದು ಸೆಟ್ಟು, ಎತ್ತರದ ಮಾಂತ್ರಿಕ ಗ್ಯಾಂಡಾಲ್ಫನಿಗೆ ಬೇರೆ ಅಳತೆಯ ಹಸಿರು ಸೆಟ್ಟು. ಒಂದು ಕ್ಯಾಮೆರಾ ಸರಿದಂತೆ ಇನ್ನೊಂದು ಅಳತೆಗೆ ತಕ್ಕಂತೆ ತಾನೇ ಸರಿಯುವ ಏರ್ಪಾಡು. ಗ್ಯಾಂಡಾಲ್ಫನ ಪಾತ್ರದ ಇಯಾನ್ ಮೆಕೆಲನ್ ಎದುರಿಗೆ ಯಾರೂ ಇಲ್ಲದೆ, ಕಿವಿಯಲ್ಲಿ ಬರುವ ದನಿಗಳನ್ನು ನೆಚ್ಚಿಕೊಂಡು ನಟಿಸಬೇಕಾಯಿತು. ಆ ಒಂಟಿತನ ಅವರನ್ನು ಬಹಳ ನೋಯಿಸಿತ್ತು. ಅಷ್ಟೆಲ್ಲ ಆದರೂ ತೆರೆಯ ಮೇಲೆ ಆ ಊಟದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಇದ್ದಾರೆ ಎಂಬ ಬಗ್ಗೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ.

ತಂತ್ರವೇ ಕಥೆಯನ್ನು ಕೊಂದಿತು ಎನ್ನುವವರಿಗೆ ನಾನು ನೆನಪಿಸುವುದು ಪಕ್ಕದ ಗುಬ್ಬಿಯನ್ನು. 1884ರಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆನೆ ಬಂದದ್ದರಿಂದ ಪದ್ಯ ಕೇಳಿಸಲಿಲ್ಲ ಎಂದು ಯಾರೂ ಎದ್ದುಹೋಗಲಿಲ್ಲ. ಬೆರಗು ಬೇಕು, ಅದು ಎಲ್ಲಿ ಬರಬೇಕೋ ಅಲ್ಲಿ ಬರಬೇಕು. 2022ರಲ್ಲಿ ಬಂದ ಜೇಮ್ಸ್ ಕ್ಯಾಮರೂನ್ ಅವರ ‘ಅವತಾರ್’ ಎರಡನೆಯ ಭಾಗ ಈ ದಾರಿಯನ್ನೇ ಹಿಡಿಯಿತು: ನೀರೊಳಗಿನ ದೃಶ್ಯಗಳಂಥ ಕಡೆ 48 ಫ್ರೇಮು, ಮಾತುಕತೆಯಂಥ ಕಡೆ ಪ್ರತಿ ಫ್ರೇಮನ್ನೂ ಎರಡೆರಡು ಬಾರಿ ತೋರಿಸಿ 24ರ ನೋಟ. ಜಾಕ್ಸನ್ ಇಡೀ ಸಿನಿಮಾಕ್ಕೆ ಒಂದೇ ವೇಗ ಹಿಡಿದದ್ದು ಧೈರ್ಯದ ಕೆಲಸ, ಆದರೆ ಆರಿಸಿ ಬಳಸುವುದೇ ಸರಿಯಾದದ್ದು. ಮಾತುಕತೆಗೆ 24 ಸಾಕು ಎಂಬುದನ್ನು ಮಾತ್ರ, ಆ ಒಗಟಿನ ದೃಶ್ಯ ನೋಡಿದ ಮೇಲೆ, ನಾನು ಒಪ್ಪಲಾರೆ.

ಎರಡನೆಯ ಭಾಗದ ಪೀಪಾಯಿಗಳ ಪ್ರಸಂಗದ ಬಗ್ಗೆ ಬಳಗದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಪುಸ್ತಕದಲ್ಲಿ ಕುಬ್ಜರನ್ನು ಮುಚ್ಚಿದ ಪೀಪಾಯಿಗಳೊಳಗೆ ಅಡಗಿಸಲಾಗುತ್ತದೆ, ಬಿಲ್ಬೊ ಒಂದರ ಮೇಲೆ ತೊಯ್ದು ನಡುಗುತ್ತ ಕತ್ತಲಲ್ಲಿ ತೇಲಿಹೋಗುತ್ತಾನೆ. ಸಿನಿಮಾದಲ್ಲಿ ಪೀಪಾಯಿಗಳು ಬಾಯ್ತೆರೆದಿವೆ, ಎರಡೂ ದಡಗಳಲ್ಲಿ ಕಾಳಗ ನಡೆದಿದೆ, ಪುಸ್ತಕದಲ್ಲಿ ಇಲ್ಲವೇ ಇಲ್ಲದ ಬಿಲ್ಲುಗಾರ ಲೆಗೊಲಾಸ್ ಕುಬ್ಜರ ತಲೆಗಳ ಮೇಲೆ ಕಾಲಿಟ್ಟು ಬಾಣ ಬಿಡುತ್ತಾನೆ. ಪುಟ್ಟ ಆಕ್ಷನ್ ಕ್ಯಾಮೆರಾದಲ್ಲಿ ಹಿಡಿದ ಒಂದೆರಡು ಶಾಟುಗಳು ನಡುವೆ ಬಂದು, ನೀರಿನ ಹನಿ ಲೆನ್ಸಿಗೆ ಬಡಿದಾಗ, ನಮ್ಮ ಸ್ಟುಡಿಯೋ ಗೆಳೆಯರಂತೂ ತಲೆ ಚಚ್ಚಿಕೊಂಡಿದ್ದರು.

ಆದರೆ ಇಡೀ ಸರಣಿಯಲ್ಲಿ ನನಗೆ ಅತ್ಯಂತ ನೋವಾಗುವುದು ಸ್ಮಾಗ್‌ನ ಸಾವನ್ನು ಇಟ್ಟ ಜಾಗದಿಂದ. ಬೆನೆಡಿಕ್ಟ್ ಕಂಬರ್‌ಬ್ಯಾಚ್ ದನಿ ಕೊಟ್ಟ ಆ ಡ್ರ್ಯಾಗನ್ ಚಿನ್ನದ ರಾಶಿಯೊಳಗಿಂದ ಮೇಲೆದ್ದು ಬಿಲ್ಬೊನೊಡನೆ ಮಾತಿಗಿಳಿಯುವ ಭಾಗ ಒಗಟಿನ ದೃಶ್ಯದ ನಂತರದ ಉತ್ತಮ ಭಾಗ. ಅಲ್ಲಿಯೂ ಸಿನಿಮಾ ನಿಂತು ಕೇಳುತ್ತದೆ. ಅಷ್ಟು ಹೊತ್ತು ಕಟ್ಟಿದ ಭಯವನ್ನು ಮುಗಿಸದೆ, ಡ್ರ್ಯಾಗನ್ ಊರಿನತ್ತ ಹಾರಿದ ಕೂಡಲೇ ಎರಡನೆಯ ಭಾಗವನ್ನು ತುಂಡರಿಸಿದರು. ಒಂದು ವರ್ಷ ಕಳೆದು ಬಂದ ಮೂರನೆಯ ಭಾಗದಲ್ಲಿ ಆರಂಭದ ಕೆಲವೇ ನಿಮಿಷಗಳಲ್ಲಿ ಸ್ಮಾಗ್ ಸತ್ತು ಸರೋವರಕ್ಕೆ ಬೀಳುತ್ತದೆ, ಆಮೇಲೆ ಉಳಿಯುವುದು ಒಂದು ದೀರ್ಘ ಯುದ್ಧ. ಪುಸ್ತಕದಲ್ಲಿ ಆ ಯುದ್ಧದ ನಡುವೆ ಬಿಲ್ಬೊ ತಲೆಗೆ ಕಲ್ಲು ಬಡಿದು ಎಚ್ಚರ ತಪ್ಪುತ್ತಾನೆ, ಓದುಗರಿಗೆ ಉಳಿದದ್ದು ಕೆಲವೇ ಪುಟಗಳಲ್ಲಿ ತಿಳಿಯುತ್ತದೆ. ಮೂರನ್ನೂ ಕತ್ತರಿಸಿ ಒಂದಾಗಿ ಜೋಡಿಸಿದ ಅಭಿಮಾನಿಗಳು ಹಲವರಿದ್ದಾರೆ. ನಮ್ಮಲ್ಲಿ ಯಾರ ಕೈಗೆ ಕತ್ತರಿ ಕೊಟ್ಟರೂ, ಮೇಡಂ ಅವರೂ ಸ್ಟುಡಿಯೋದವರೂ ಸೇರಿದಂತೆ, ಮೊದಲು ಮಾಡುವ ಕೆಲಸ ಒಂದೇ: ಸ್ಮಾಗ್‌ನ ಸಾವನ್ನು ಮೂರನೆಯದರಿಂದ ಎತ್ತಿ ಎರಡನೆಯದರ ಕೊನೆಗೆ ಇಡುವುದು.